1978ರ ಒಂದು ಧ್ವನಿಸುರುಳಿ

“ಈ ವರ್ಷ ನಿಮಗೆ ಮೆಚ್ಚುಗೆಯಾದ ಆಲ್ಬಂ ಯಾವುದು ಸಾರ್?” ಎಂದು ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ. ನನ್ನ ಪಟ್ಟಿ 1978ರಲ್ಲಿಯೇ ನಿಂತುಹೋಗಿದೆ. ಉಪೇಂದ್ರಕುಮಾರರ ಸಂಗೀತದ ‘ಶಂಕರ್ ಗುರು’ ಆ ವರ್ಷದ್ದೇ. ಅದಕ್ಕೂ ಮೇಲೆ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ.

ಪುಸ್ತಕಕ್ಕೆಂದು ಅಪ್ಪ ಕೊಟ್ಟ ಹಣದಲ್ಲಿ ಅದನ್ನು ಮೈಸೂರಿನಲ್ಲಿ ಕೊಂಡು, ಹಂಗಳಕ್ಕೆ ತಂದು, ಎರವಲು ಟೇಪ್‌ರೆಕಾರ್ಡರಿನಲ್ಲಿ ಹಾಕಿದೆ. ಅಪ್ಪ ಜಗಲಿಯ ಮೇಲೆ ಕುಳಿತು ಎರಡೂ ಬದಿಗಳನ್ನು ಕೇಳಿದರು. ಹಣದ ಮಾತೆತ್ತಲಿಲ್ಲ.

“ಮಾದಪ್ಪನ ಪದ ಇಲ್ವಾ ಮಗಾ ಇದ್ರಲ್ಲಿ?” ಎಂದರು.

ಹರೆಯದ ಅಹಂಕಾರ; ನಕ್ಕುಬಿಟ್ಟೆ. ಕಂಸಾಳೆಯವರೊಡನೆ ರಾತ್ರಿಯೆಲ್ಲ ಸೊಲ್ಲು ಹೇಳುತ್ತಿದ್ದ ಆ ಕೊರಳನ್ನು ಅದೇ ಯಂತ್ರದಲ್ಲಿ ಹಿಡಿದಿಡಬಹುದಿತ್ತು. ಹೊಳೆಯಲೇ ಇಲ್ಲ. ಮರುವರ್ಷ ಅಪ್ಪ ತೀರಿಕೊಂಡರು.