ಬಟಾನೆಸ್‌ನ ತೊಟ್ಟಿಲ ಲೆಕ್ಕ

ದೊಡ್ಡ ಕೋಷ್ಟಕವೊಂದು ಕೈಗೆ ಸಿಕ್ಕರೆ ನನ್ನ ಕಣ್ಣು ಮೊದಲು ಹುಡುಕುವುದು ಅದರ ಅತಿ ಸಣ್ಣ ಸಾಲನ್ನು. ಲಕ್ಷಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ನೂರರ ಲೆಕ್ಕದಲ್ಲಿರುವ ಸಂಖ್ಯೆಯ ಬಳಿ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫಿಲಿಪ್ಪೀನ್ಸ್ ದೇಶದ ಜನನ ನೋಂದಣಿಯ ಅಂಕಿಅಂಶಗಳನ್ನು ಬಿಡಿಸಿಕೊಂಡು ಕೂತಾಗ ನಾನು ಹೀಗೆ ಹುಡುಕಿಕೊಂಡು ಹೋಗುವ ಸಾಲು ಬಟಾನೆಸ್ ಪ್ರಾಂತ್ಯದ್ದು.

ತೈವಾನ್ ಮತ್ತು ಲೂಜಾನ್ ನಡುವಿನ ಸಮುದ್ರದಲ್ಲಿ ಚದುರಿಬಿದ್ದ ಹತ್ತು ದ್ವೀಪಗಳ ಪ್ರಾಂತ್ಯ ಅದು. ಜನವಸತಿ ಇರುವುದು ಬಟಾನ್, ಸಬ್ತಾಂಗ್, ಇಟ್ಬಾಯತ್ ಎಂಬ ಮೂರರಲ್ಲಿ ಮಾತ್ರ. ನೆಲದ ವಿಸ್ತೀರ್ಣ ಸುಮಾರು 219 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಸಿಕ್ಕ ತಲೆಗಳು 18,831. ದೇಶದ ಪ್ರಾಂತ್ಯಗಳಲ್ಲಿ ಜನಸಂಖ್ಯೆಯಲ್ಲೂ ನೆಲದಲ್ಲೂ ಇದೇ ಎಲ್ಲಕ್ಕಿಂತ ಚಿಕ್ಕದು. ಆಗ ಇಡೀ ದೇಶದ ಜನಸಂಖ್ಯೆ 10 ಕೋಟಿ 90 ಲಕ್ಷ. 2021ರಲ್ಲಿ ದೇಶದಲ್ಲಿ ನೋಂದಣಿಯಾದ ಜನನಗಳು 13,64,739, ಅಂದರೆ ದಿನಕ್ಕೆ 3,700ಕ್ಕೂ ಹೆಚ್ಚು. ಐದು ದಿನಗಳ ಕೂಸುಗಳನ್ನು ಒಟ್ಟುಗೂಡಿಸಿದರೆ ಬಟಾನೆಸ್‌ನ ಮುದುಕರು, ಮೀನುಗಾರರು, ಶಾಲೆಯ ಮಕ್ಕಳು ಎಲ್ಲರೂ ಸೇರಿದಷ್ಟು ಜನ.

ಈ ಜನರು ಇವಾತಾನರು. ಬಿರುಗಾಳಿಯ ದಾರಿಯಲ್ಲೇ ಊರು ಕಟ್ಟಿಕೊಂಡು, ದಪ್ಪ ಕಲ್ಲುಗೋಡೆಯ, ಹುಲ್ಲು ಹೊದಿಸಿದ ಮನೆಗಳಲ್ಲಿ ಬಾಳಿದವರು. ದ್ವೀಪದಿಂದ ದ್ವೀಪಕ್ಕೆ ಹೋಗಲು ಫಲುವಾ ಎಂಬ ದೋಣಿ. ಬಟಾನ್ ದ್ವೀಪದ ಇವಾನಾದಿಂದ ಸಬ್ತಾಂಗ್‌ಗೆ ಮುಕ್ಕಾಲು ಗಂಟೆಯೊಳಗಿನ ದಾರಿ. ಇಟ್ಬಾಯತ್‌ಗೆ ಮೂರು ನಾಲ್ಕು ಗಂಟೆ, ಅದೂ ಕಡಲು ಒಪ್ಪಿದರೆ. ಒಪ್ಪದ ದಿನಗಳು ವರ್ಷದಲ್ಲಿ ಬಹಳ. ಹೀಗೆ ಕಡಲಿನ ಅಪ್ಪಣೆ ಕಾಯುವ ಊರಿನಲ್ಲಿ ಬಸುರಿಯೊಬ್ಬಳಿಗೆ ನೋವು ಶುರುವಾದರೆ ಏನಾಗಬೇಕು? ಜನನದ ಅಂಕಿಅಂಶ ಎಂಬ ಒಣ ಹೆಸರಿನ ಹಿಂದೆ ನನಗೆ ಮೊದಲು ಕಾಣುವ ಪ್ರಶ್ನೆ ಇದೇ.

ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು ಕಾನೂನಿನ ಕಡೆ ಹೋಗಿ ಬರೋಣ. ಫಿಲಿಪ್ಪೀನ್ಸ್‌ನ ನಾಗರಿಕ ನೋಂದಣಿ ಕಾಯ್ದೆ 1930ರದು, ಸಂಖ್ಯೆ 3753. ಅಮೆರಿಕದ ಆಳ್ವಿಕೆಯಲ್ಲಿ ಬಂದ ಆ ಕಾಯ್ದೆಯೇ ಇಂದಿಗೂ ಬುನಾದಿ. ಮಗು ಹುಟ್ಟಿದ 30 ದಿನಗಳೊಳಗೆ, ಹುಟ್ಟಿದ ಊರಿನ ಮುನ್ಸಿಪಾಲಿಟಿಯ ರಿಜಿಸ್ಟ್ರಾರ್ ಬಳಿ ಬರೆಸಬೇಕು. ಹೆರಿಗೆ ಮಾಡಿಸಿದ ವೈದ್ಯರೋ ಸೂಲಗಿತ್ತಿಯೋ ಹೇಳಿಕೆ ಕೊಡಬೇಕು, ಅವರಿಲ್ಲದಿದ್ದರೆ ತಂದೆ ತಾಯಿ. ರಿಜಿಸ್ಟ್ರಾರ್ ಪ್ರತಿ ತಿಂಗಳ ಮೊದಲ ಹತ್ತು ದಿನಗಳಲ್ಲಿ ಹಿಂದಿನ ತಿಂಗಳ ದಾಖಲೆಗಳ ಪ್ರತಿಗಳನ್ನು ಮೇಲಕ್ಕೆ ಕಳಿಸಬೇಕು. ಬಟಾನೆಸ್‌ನಲ್ಲಿ ಇಂಥ ಮುನ್ಸಿಪಾಲಿಟಿಗಳು ಆರು: ಬಾಸ್ಕೋ, ಮಹತಾವ್, ಇವಾನಾ, ಉಯುಗನ್, ಸಬ್ತಾಂಗ್, ಇಟ್ಬಾಯತ್. ಜನರಲ್ಲಿ ಅರ್ಧದಷ್ಟು ಇರುವುದು ರಾಜಧಾನಿ ಬಾಸ್ಕೋದಲ್ಲಿ.

ಗಡುವು ಮೀರಿದರೆ ತಡವಾದ ನೋಂದಣಿ. ಅದರ ಕ್ರಮ ನನಗೆ ಬಹಳ ಇಷ್ಟ. ಅಫಿಡವಿಟ್, ದೀಕ್ಷಾಸ್ನಾನದ ಪತ್ರದಂಥ ಹಳೆಯ ಕಾಗದ, ವಿಷಯದಲ್ಲಿ ಸ್ವಾರ್ಥವಿಲ್ಲದ ಇಬ್ಬರ ಸಾಕ್ಷ್ಯ, ಇಷ್ಟೆಲ್ಲ ಒಪ್ಪಿಸಿದ ಮೇಲೆ ಅರ್ಜಿಯ ವಿವರವನ್ನು ಮುನ್ಸಿಪಾಲಿಟಿಯ ಸೂಚನಾ ಫಲಕದಲ್ಲಿ ಹತ್ತು ದಿನ ಅಂಟಿಸಿಡುತ್ತಾರೆ. ಆಕ್ಷೇಪವಿದ್ದವರು ಬರಬಹುದು. ಮನಿಲಾದಂಥ ನಗರದಲ್ಲಿ ಆ ಹಾಳೆಯ ಮುಂದೆ ಹಾಯುವ ಸಾವಿರ ಜನರಲ್ಲಿ ಒಬ್ಬನಿಗೂ ಆ ಹೆಸರು ಪರಿಚಯವಿರಲಿಕ್ಕಿಲ್ಲ. ಸಾವಿರ ಚಿಲ್ಲರೆ ಜನರಿರುವ ಉಯುಗನ್‌ನಲ್ಲಿ ಓದಿದವರಿಗೆಲ್ಲ ಗೊತ್ತಿರುತ್ತದೆ: ಇಂಥವರ ಮಗ, ಇಂಥ ಗಾಳಿ ಬೀಸಿದ ವರ್ಷ ಹುಟ್ಟಿದವನು. ಈ ನಿಯಮ ಬರೆದವರು ಮನಸ್ಸಿನಲ್ಲಿಟ್ಟುಕೊಂಡಿದ್ದು ಎಲ್ಲರೂ ಎಲ್ಲರನ್ನೂ ಬಲ್ಲ ಇಂಥ ಊರನ್ನೇ ಇರಬೇಕು ಎಂದು ನನ್ನ ನಂಬಿಕೆ.

ಊರೇ ಬಲ್ಲ ಕೂಸನ್ನು ಮತ್ತೆ ಪುಸ್ತಕದಲ್ಲಿ ಯಾಕೆ ಬರೆಯಬೇಕು ಎಂದು ಕೇಳುವವರಿದ್ದಾರೆ. ಇವಾತಾನರಿಗೆ ಪುಸ್ತಕ ಬರುವ ಮೊದಲೂ ಒಂದು ನೋಂದಣಿ ಇತ್ತು. 1783ರಲ್ಲಿ ಸ್ಪೇನ್ ಈ ದ್ವೀಪಗಳನ್ನು ತನ್ನದೆಂದು ಸಾರಿತು. ಬಾಸ್ಕೋ ಎಂಬ ಹೆಸರು ಆಗಿನ ಗವರ್ನರ್ ಜನರಲ್ ಹೊಸೆ ಬಾಸ್ಕೋನದು. ಎಂಟು ವರ್ಷಗಳ ನಂತರ ಸಬ್ತಾಂಗ್‌ನಲ್ಲಿ ಸ್ಪೇನಿಗೆ ಎದುರು ನಿಂತು ಪ್ರಾಣ ತೆತ್ತ ನಾಯಕನ ಹೆಸರು ಅಮನ್ ದಂಗತ್, ಅಂದರೆ ದಂಗತ್‌ನ ಅಪ್ಪ. ಅದಕ್ಕೆ ಮೊದಲು ಅವನು ಕೆನನ್. ಚೊಚ್ಚಲ ಮಗು ಹುಟ್ಟಿದೊಡನೆ ಅಪ್ಪನ ಹಳೆಯ ಹೆಸರು ಹಿಂದೆ ಸರಿದು ಮಗುವಿನ ಹೆಸರೇ ಅವನಿಗೂ ಅಂಟಿತು. ಅದನ್ನು ಯೋಚಿಸಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ದಿನಕ್ಕೆ ನೂರು ಸಲ ಯಾರೋ ಕೂಗುವ ಹೆಸರಿನಲ್ಲಿ ಒಂದು ಜನನ ದಾಖಲಾಗಿರುತ್ತಿತ್ತು, ಮರೆಯಲು ಸಾಧ್ಯವೇ ಇಲ್ಲದಂತೆ.

ಆಳುವವರಿಗೆ ಮಾತ್ರ ಇಂಥ ಹೆಸರುಗಳು ತಲೆನೋವು. ನಿನ್ನೆ ಒಂದು ಹೆಸರು, ಇಂದು ಇನ್ನೊಂದು, ಅಣ್ಣನಿಗೊಂದು ತಮ್ಮನಿಗೊಂದು ಎಂದರೆ ತೆರಿಗೆ ಹಾಕುವುದು ಯಾರಿಗೆ? 1849ರಲ್ಲಿ ಗವರ್ನರ್ ಜನರಲ್ ಕ್ಲಾವೆರಿಯಾ ಅರವತ್ತು ಸಾವಿರದಷ್ಟು ಕುಲನಾಮಗಳ ಪಟ್ಟಿ ಮಾಡಿಸಿ, ಊರೂರಿಗೆ ಹಾಳೆಗಳನ್ನು ಹಂಚಿಸಿ, ಮನೆಮಂದಿಗೆಲ್ಲ ಒಂದೇ ಕುಲನಾಮ ಇರಬೇಕೆಂದು ಆಜ್ಞೆ ಹೊರಡಿಸಿದ. ಫಿಲಿಪ್ಪೀನ್ಸ್‌ನ ಕೆಲವು ಊರುಗಳಲ್ಲಿ ಇಂದಿಗೂ ಬಹುಪಾಲು ಕುಲನಾಮಗಳು ಒಂದೇ ಅಕ್ಷರದಿಂದ ಶುರುವಾಗುವುದು ಆ ಹಾಳೆಗಳ ಹಂಚಿಕೆಯಿಂದ. ಹುಟ್ಟಿದವರ ಲೆಕ್ಕ ಚರ್ಚಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಸೇರುತ್ತಿತ್ತು.

ಇಷ್ಟಾದರೂ ಪುಸ್ತಕ ಬೇಕು. ಯಾಕೆಂದರೆ ದ್ವೀಪದ ನೆನಪು ದ್ವೀಪದ ದಂಡೆಯಲ್ಲೇ ಮುಗಿಯುತ್ತದೆ. ಓದಲು ಲೂಜಾನ್‌ಗೆ ಹೋದವನಿಗೆ, ಹಡಗಿನಲ್ಲಿ ಕೆಲಸ ಹುಡುಕುವವನಿಗೆ, ಪಾಸ್‌ಪೋರ್ಟ್ ಬೇಕಾದವಳಿಗೆ ಊರವರ ನೆನಪು ನೆರವಿಗೆ ಬಾರದು, ಜನನ ಪ್ರಮಾಣಪತ್ರ ಬರುತ್ತದೆ. ಅದರಲ್ಲಿ ಒಂದಕ್ಷರ ತಪ್ಪಿದ್ದರೆ ಮುಂಚೆ ಕೋರ್ಟಿಗೆ ಹೋಗಬೇಕಿತ್ತು. 2001ರಲ್ಲಿ ಬಂದ 9048ನೇ ಕಾಯ್ದೆ ಅಕ್ಷರದೋಷ ತಿದ್ದುವ ಮತ್ತು ಮೊದಲ ಹೆಸರು ಬದಲಿಸುವ ಅಧಿಕಾರವನ್ನು ರಿಜಿಸ್ಟ್ರಾರ್‌ಗೇ ಕೊಟ್ಟಿತು. 2012ರ ಇನ್ನೊಂದು ಕಾಯ್ದೆ ಹುಟ್ಟಿದ ದಿನ, ತಿಂಗಳು ಮತ್ತು ಗಂಡೋ ಹೆಣ್ಣೋ ಎಂಬ ನಮೂದಿನ ಬರವಣಿಗೆ ದೋಷಗಳಿಗೂ ಅದನ್ನು ವಿಸ್ತರಿಸಿತು. ಕೋರ್ಟಿನ ವಾಯಿದೆಗೆಂದು ಕಡಲು ದಾಟಿ ಅಲೆಯಬೇಕಾದವರಿಗೆ ಇದು ಎಷ್ಟು ದೊಡ್ಡ ಉಪಕಾರ ಎಂಬುದನ್ನು ದ್ವೀಪದವರೇ ಬಲ್ಲರು.

ಈಗ ಬಸುರಿಯ ಪ್ರಶ್ನೆಗೆ ಬರುತ್ತೇನೆ. ಹಿಂದೆ ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ಹಿಲೋತ್ ಎಂದು ಕರೆಯುವ ಸೂಲಗಿತ್ತಿಯ ಕೈಯಲ್ಲಿ. ತಾಯಂದಿರ ಸಾವು ತಗ್ಗಬೇಕೆಂದು 2008ರಿಂದ ಸರ್ಕಾರ ಆಸ್ಪತ್ರೆ ಹೆರಿಗೆಗೆ ಒತ್ತು ಕೊಟ್ಟಿತು. ದೇಶದಲ್ಲಿ ಆಸ್ಪತ್ರೆ ಮತ್ತು ಹೆರಿಗೆ ಕೇಂದ್ರಗಳಲ್ಲಿ ಆಗುವ ಹೆರಿಗೆಗಳ ಪಾಲು 2008ರಲ್ಲಿ ಶೇ. 44 ಇದ್ದದ್ದು 2017ರಲ್ಲಿ ಶೇ. 78ಕ್ಕೆ ಏರಿತು. ಒಳ್ಳೆಯದೇ ಆಯಿತು. ಆದರೆ ಸಣ್ಣ ದ್ವೀಪದಲ್ಲಿ ದೊಡ್ಡಾಸ್ಪತ್ರೆ ಊರಿಗೊಂದು ಇರುವುದಿಲ್ಲ. ಬಟಾನೆಸ್ ಜನರಲ್ ಆಸ್ಪತ್ರೆ ಇರುವುದು ಬಾಸ್ಕೋದಲ್ಲಿ. ಅಲ್ಲಿಯೂ ಕೈಮೀರುವ ಹೆರಿಗೆಯಾದರೆ ವಿಮಾನ ಹತ್ತಿ ಲೂಜಾನ್‌ಗೆ ಹೋಗಬೇಕು, ತುಗೆಗರಾವ್‌ಗೋ ಮನಿಲಾಕ್ಕೋ.

ಕಾಯ್ದೆ ಹೇಳುವುದು ಹುಟ್ಟಿದ ಊರಿನಲ್ಲಿ ನೋಂದಣಿ ಎಂದು. ಉಯುಗನ್‌ನ ಮಗು ಬಾಸ್ಕೋದಲ್ಲಿ ಹುಟ್ಟಿದರೆ ಬಾಸ್ಕೋದ ಪುಸ್ತಕಕ್ಕೆ ಸೇರುತ್ತದೆ, ತುಗೆಗರಾವ್‌ನಲ್ಲಿ ಹುಟ್ಟಿದರೆ ಪ್ರಾಂತ್ಯದ ಪುಸ್ತಕದಿಂದಲೇ ಹೊರಗೆ. ಆ ಮಗು ವಾರದೊಳಗೆ ಊರಿಗೆ ಬರುತ್ತದೆ, ಅಲ್ಲೇ ನಡೆಯಲು ಕಲಿಯುತ್ತದೆ, ಅಲ್ಲಿನ ಲಸಿಕೆ, ಅಲ್ಲಿನ ಅಂಗನವಾಡಿ, ಅಲ್ಲಿನ ಶಾಲೆಯ ಬೆಂಚು ಅದಕ್ಕೆ ಬೇಕು. ಪುಸ್ತಕ ನೋಡಿ ಬೆಂಚಿನ ಲೆಕ್ಕ ಹಾಕುವವರಿಗೆ ಮಾತ್ರ ಅದು ಕಾಣುವುದಿಲ್ಲ. ಒಳ್ಳೆಯ ಆಸ್ಪತ್ರೆ ಇಲ್ಲದ ಊರಿನಲ್ಲಿ ಹುಟ್ಟುವವರು ಕಡಿಮೆ, ಹುಟ್ಟುವವರು ಕಡಿಮೆ ಎಂದು ಅಲ್ಲಿಗೆ ಆಸ್ಪತ್ರೆಯೂ ಬರುವುದಿಲ್ಲ. ಈ ಸುತ್ತು ನನ್ನನ್ನು ನಿಜಕ್ಕೂ ಕಾಡುತ್ತದೆ.

ಇದಕ್ಕೆ ಮದ್ದು ಅದೇ ಫಾರಂನಲ್ಲಿದೆ. 102ನೇ ಮುನ್ಸಿಪಲ್ ಫಾರಂ ಎಂಬ ಜನನ ಪತ್ರದಲ್ಲಿ ಹೆರಿಗೆಯಾದ ಸ್ಥಳದ ಜೊತೆಗೆ ತಾಯಿಯ ವಾಸದ ಊರನ್ನೂ ಬರೆಯುತ್ತಾರೆ. ಫಿಲಿಪ್ಪೀನ್ಸ್‌ನ ಅಂಕಿಅಂಶ ಪ್ರಾಧಿಕಾರ ಎರಡೂ ಬಗೆಯ ಕೋಷ್ಟಕಗಳನ್ನು ಕೊಡುತ್ತದೆ: ಎಲ್ಲಿ ಹುಟ್ಟಿದರು, ಯಾವ ಊರಿನ ತಾಯಿಗೆ ಹುಟ್ಟಿದರು. ದೊಡ್ಡ ನಗರಕ್ಕೆ ಮೊದಲನೆಯದು ಸಾಕಾಗಬಹುದು. ದ್ವೀಪಕ್ಕೆ ಎರಡನೆಯದೇ ಪ್ರಾಣ. ಬಟಾನೆಸ್‌ನಂಥ ಪ್ರಾಂತ್ಯಗಳ ವರದಿಯಲ್ಲಿ ತಾಯಿಯ ಊರಿನ ಕೋಷ್ಟಕ ಮೊದಲ ಪುಟದಲ್ಲಿರಬೇಕು, ಹೆರಿಗೆಯ ಸ್ಥಳದ್ದು ಅದರ ಹಿಂದೆ. ಎರಡರ ನಡುವಿನ ಅಂತರವನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ಹೆರಲು ಊರು ಬಿಡಬೇಕಾದ ಹೆಂಗಸರ ಸಂಖ್ಯೆ ತಿಳಿಯುವುದು ಅದರಿಂದಲೇ.

ಇನ್ನು ಶೇಕಡಾವಾರು ಲೆಕ್ಕ. ಇಲ್ಲಿ ನನಗೆ ಜಾನ್ ಅರ್ಬತ್‌ನಾಟ್ ನೆನಪಾಗುತ್ತಾನೆ. ಲಂಡನ್ನಿನ ಈ ವೈದ್ಯ 1710ರಲ್ಲಿ ನಗರದ ದೀಕ್ಷಾಸ್ನಾನದ ದಾಖಲೆಗಳನ್ನು ಹರಡಿಕೊಂಡು ಕೂತ. 1629ರಿಂದ ಶುರುವಾದ 82 ವರ್ಷಗಳಲ್ಲಿ ಪ್ರತಿ ವರ್ಷವೂ ಗಂಡುಮಕ್ಕಳೇ ಹೆಚ್ಚು. ಇದು ಆಕಸ್ಮಿಕವಾಗಿರಲು ಸಾಧ್ಯವೇ ಇಲ್ಲವೆಂದು ಲೆಕ್ಕ ಹಾಕಿ, ದೇವರ ಏರ್ಪಾಡು ಎಂದು ಸಾರಿದ. ಜನನದ ಪುಸ್ತಕದಿಂದ ಸಂಭವನೀಯತೆಯ ವಾದ ಕಟ್ಟಿದ ಮೊದಲಿಗರಲ್ಲಿ ಅವನೊಬ್ಬ. ಫಿಲಿಪ್ಪೀನ್ಸ್‌ನ 2021ರ ಲೆಕ್ಕದಲ್ಲೂ 100 ಹೆಣ್ಣಿಗೆ 109 ಗಂಡು. ಅರ್ಬತ್‌ನಾಟ್ ಲಂಡನ್ ಬಿಟ್ಟು ಬಟಾನೆಸ್‌ನ ಪುಸ್ತಕ ಹಿಡಿದಿದ್ದರೆ? ಲೆಕ್ಕಕ್ಕೆಂದು ವರ್ಷಕ್ಕೆ 300 ಜನನ ಅಂದುಕೊಳ್ಳಿ. ದೇಶದ ಅನುಪಾತವೇ ಇಲ್ಲೂ ಇದ್ದರೆ 156 ಗಂಡು, 144 ಹೆಣ್ಣು ನಿರೀಕ್ಷಿಸಬೇಕು. ಆದರೆ ಎಂಟೊಂಬತ್ತು ಕೂಸುಗಳ ಏರಿಳಿತ ಯಾವ ಕಾರಣವೂ ಇಲ್ಲದೆ ಆಗುತ್ತದೆ. ಸುಮಾರು ಐದು ವರ್ಷಕ್ಕೊಮ್ಮೆ ಹೆಣ್ಣುಮಕ್ಕಳೇ ಮುಂದಿರುತ್ತಾರೆ. ಒಂದು ವರ್ಷದ ಅನುಪಾತ 95, ಮರುವರ್ಷ 118 ಎಂದು ಬಂದರೆ ಪ್ರಾಂತ್ಯದಲ್ಲಿ ಏನೋ ನಡೆದುಬಿಟ್ಟಿದೆ ಎಂದುಕೊಳ್ಳಬೇಕಿಲ್ಲ. ಕವಡೆ ಎಸೆದಾಗ ಮೂರು ಬಾರಿ ಒಂದೇ ಮಗ್ಗುಲು ಬಿದ್ದಂತೆ, ಅಷ್ಟೇ.

ಸಾವಿನ ಕಡೆ ಈ ಏರಿಳಿತ ಇನ್ನೂ ಕಟುವಾಗಿರುತ್ತದೆ. 2019ರ ಜುಲೈ 27ರ ಬೆಳಗಿನ ಜಾವ ಇಟ್ಬಾಯತ್‌ನಲ್ಲಿ ಭೂಮಿ ನಡುಗಿತು. ಚರ್ಚಿನ ಗಂಟೆಗೋಪುರ, ಕಲ್ಲಿನ ಮನೆಗಳು ಉರುಳಿದವು. ಸತ್ತವರು 9 ಜನ. ಮೂರು ಸಾವಿರದಷ್ಟು ಜನರ ದ್ವೀಪದಲ್ಲಿ ಅದು ಸಾವಿರಕ್ಕೆ ಮೂರು. ಒಂದೇ ಬೆಳಗಿನಲ್ಲಿ ಇಡೀ ವರ್ಷದ ಮರಣದರ ಮೇಲೇರಿತು. ಆ ದರವನ್ನು ಮನಿಲಾದ ದರದ ಪಕ್ಕದಲ್ಲಿಟ್ಟು ಹೋಲಿಸಿದರೆ ಏನೂ ತಿಳಿಯದು. ಒಂಬತ್ತು ಎಂದು ಬರೆದು, ಭೂಕಂಪ ಎಂದು ಪಕ್ಕದಲ್ಲಿ ಬರೆದರೆ ಎಲ್ಲವೂ ತಿಳಿಯುತ್ತದೆ. ಅದಕ್ಕೇ ಸಣ್ಣ ಊರುಗಳಿಗೆ ಶೇಕಡಾ ಬೇಡ, ಎಣಿಕೆಯನ್ನೇ ಕೊಡಿ, ದರ ಬೇಕೇ ಬೇಕೆಂದರೆ ಐದು ವರ್ಷಗಳನ್ನು ಕೂಡಿಸಿ ಕೊಡಿ ಎನ್ನುತ್ತೇನೆ.

ದೇಶದ ಕೋಷ್ಟಕದಲ್ಲಿ ಸೊಗಸಾದ ನಡೆಗಳೂ ಇವೆ. ಹುಟ್ಟುವವರು ಸಾಮಾನ್ಯವಾಗಿ ಹೆಚ್ಚುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿದರೆ ಕ್ರಿಸ್ಮಸ್ ಮತ್ತು ಹೊಸವರ್ಷ. ದೂರ ದುಡಿಯಲು ಹೋದವರು ಮನೆಗೆ ಬರುವ ದಿನಗಳವು. 2019ರಲ್ಲಿ 16,73,923 ಇದ್ದ ಜನನಗಳು ಎರಡೇ ವರ್ಷದಲ್ಲಿ ಶೇ. 18ರಷ್ಟು ಇಳಿದದ್ದು ಕೋವಿಡ್ ಕಾಲದಲ್ಲಿ. ಇವೆಲ್ಲ ಲಕ್ಷಗಳಲ್ಲಿ ಮಾತ್ರ ಸ್ಪಷ್ಟವಾಗಿ ಕಾಣುವ ಸಂಗತಿಗಳು. ಬಟಾನೆಸ್‌ನ ಹನ್ನೆರಡು ತಿಂಗಳುಗಳಲ್ಲಿ ಅವನ್ನು ಹುಡುಕಲು ಹೋಗಬಾರದು.

ಅದೇ ಕೋಷ್ಟಕದಲ್ಲಿ ತಾಯಿಯ ವಯಸ್ಸಿನ ಕಾಲಂ ಇದೆ. 2022ರಲ್ಲಿ 15 ವರ್ಷ ತುಂಬದ ಹುಡುಗಿಯರಿಗೆ ಹುಟ್ಟಿದ ಮಕ್ಕಳು 3,135, ಹಿಂದಿನ ವರ್ಷ 2,320. ದೇಶ ಬೆಚ್ಚಿಬೀಳಬೇಕಾದ ಏರಿಕೆ. ಬಚ್ಚಿಡದೆ ಅದನ್ನು ಅಚ್ಚುಹಾಕಿದ್ದು ಸರಿ. ಆದರೆ ಇದೇ ಕಾಲಂ ಅನ್ನು ಊರಿನ ಮಟ್ಟಕ್ಕೆ ಇಳಿಸಿ, ಸಾವಿರ ಚಿಲ್ಲರೆ ಜನರ ಊರಿನ ಎದುರು 1 ಎಂದು ಬರೆದುಬಿಟ್ಟರೆ ಏನಾಗುತ್ತದೆ? ಸೂಚನಾ ಫಲಕದ ಹಾಳೆಯನ್ನು ಓದಿ ಗುರುತು ಹಿಡಿಯುವ ಜನ ಈ ಒಂದನ್ನೂ ಗುರುತು ಹಿಡಿಯುತ್ತಾರೆ. ಅದು ಅಂಕಿಯಾಗಿ ಉಳಿಯುವುದಿಲ್ಲ, ಒಂದು ಮನೆಯ ಬಾಗಿಲಾಗುತ್ತದೆ. ಅಂಥ ಕೋಶಗಳನ್ನು ಊರಿನ ಹೆಸರಿನಲ್ಲಿ ಅಚ್ಚುಹಾಕಬಾರದು, ಹಲವು ಊರು ಹಲವು ವರ್ಷಗಳೊಂದಿಗೆ ಕೂಡಿಸಿಯೇ ಕೊಡಬೇಕು. ಬಟಾನೆಸ್‌ಗೆ ಆರು ಊರು ಕೂಡಿಸಿದರೂ ಸಾಲದೇ ಹೋಗಬಹುದು, ಆಗ ಪಕ್ಕದ ಪ್ರಾಂತ್ಯಗಳನ್ನೂ ಸೇರಿಸಲಿ. ಆ ಹುಡುಗಿಗೆ ವೈದ್ಯರು, ಶಾಲೆಗೆ ಮರಳುವ ದಾರಿ, ತಪ್ಪೆಸಗಿದವನಿದ್ದರೆ ಅವನ ಮೇಲೆ ದೂರು, ಇವೆಲ್ಲ ಬೇಕು. ಅದನ್ನು ನೋಡಿಕೊಳ್ಳಬೇಕಾದ ಊರಿನ ಆರೋಗ್ಯಾಧಿಕಾರಿಗೂ ಸಮಾಜ ಕಲ್ಯಾಣ ಅಧಿಕಾರಿಗೂ ಸುದ್ದಿ ಹೋಗಬೇಕಾದದ್ದು ರಿಜಿಸ್ಟ್ರಾರ್ ಕಚೇರಿಯಿಂದ ನೇರವಾಗಿ, ಹೆರಿಗೆಯಾದ ವಾರದಲ್ಲೇ. ವರ್ಷ ಕಳೆದು ಬರುವ ಕೋಷ್ಟಕದ ತನಕ ಅವರು ಕಾಯುವಂತಿಲ್ಲ.