‘ಯಾರು ಹೇಳಿದ್ದು?’ ಎಂದು ಕೇಳಲು ಕಲಿಸುವ ಮನೆ



ದೇವರ ಹತ್ತು ಆಜ್ಞೆಗಳಲ್ಲಿ ಎಂಟನೆಯದು ನೆರೆಯವರ ವಿರುದ್ಧ ಸುಳ್ಳುಸಾಕ್ಷಿ ಹೇಳುವುದನ್ನು ನಿಷೇಧಿಸುತ್ತದೆ. ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಕಂಠಪಾಠ ಮಾಡುತ್ತಿದ್ದ ಕಾಲದಲ್ಲಿ ನಮ್ಮ ಕಣ್ಣ ಮುಂದೆ ಮೂಡುತ್ತಿದ್ದುದು ನ್ಯಾಯಾಲಯದ ಕಟಕಟೆ. ಅಲ್ಲಿ ನಿಲ್ಲುವ ಪ್ರಸಂಗ ಬಹುಮಂದಿಗೆ ಬರುವುದೇ ಇಲ್ಲವಾದ್ದರಿಂದ, ಈ ಆಜ್ಞೆ ತಮಗೆ ಸಂಬಂಧಿಸಿದ್ದಲ್ಲವೆಂದು ಅನೇಕರು ನೆಮ್ಮದಿಯಿಂದಿದ್ದರು. ಇಂದು ಆ ಕಟಕಟೆ ಪ್ರತಿಯೊಬ್ಬರ ಅಂಗೈಯೊಳಗೆ ಬಂದಿದೆ. ಮೊಬೈಲಿಗೆ ಬಂದ ಸಂದೇಶವನ್ನು ಪರೀಕ್ಷಿಸದೆ ಮುಂದಕ್ಕೆ ಕಳುಹಿಸುವವರೆಲ್ಲರೂ ಅರಿತೋ ಅರಿಯದೆಯೋ ಸಾಕ್ಷಿ ನುಡಿಯುತ್ತಿದ್ದಾರೆ.

ಇದರ ಪರಿಣಾಮ ಎಷ್ಟು ಭೀಕರವಾಗಬಹುದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳಿಗೆ ಚಾಕೊಲೇಟು ನೀಡಿದ ತಂಡವೊಂದರಲ್ಲಿದ್ದ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳರೆಂದು ಭಾವಿಸಿದ ಗುಂಪು ಹೊಡೆದು ಕೊಂದಿತು. ಆ ಗುಂಪನ್ನು ಕೂಡಿಸಿದ್ದು ವಾಟ್ಸಾಪಿನಲ್ಲಿ ಹರಿದಾಡಿದ ಸುದ್ದಿ. ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹೇರಿತು. ಸಂಖ್ಯೆಗೆ ಮಿತಿ ಹೇರಲು ಯಂತ್ರಕ್ಕೆ ಸಾಧ್ಯ. ವಿವೇಕವನ್ನು ಬೆಳೆಸುವ ಹೊಣೆ ಮಾತ್ರ ಮನುಷ್ಯರದೇ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಚರ್ಚು, ಮಸೀದಿ, ದೇವಸ್ಥಾನ, ದೈವಸ್ಥಾನಗಳಿಗೆ ಹೋಗುವವರು ಒಂದೇ ಬಸ್ಸಿನಲ್ಲಿ ಪ್ರಯಾಣಿಸಿ, ಒಂದೇ ಪೇಟೆಯಲ್ಲಿ ಅಡಿಕೆ ಮಾರುತ್ತಾರೆ. ಇಂತಹ ಊರಿನಲ್ಲಿ ಒಂದು ಸುಳ್ಳು ಸುದ್ದಿ ತಲೆಮಾರುಗಳ ನೆರೆತನವನ್ನು ಒಂದು ಸಂಜೆಯಲ್ಲಿ ಕೆಡಿಸಬಲ್ಲದು.

ಹಾಗಾದರೆ ನಮ್ಮ ಮಕ್ಕಳು ಸುದ್ದಿಯನ್ನು ಪರೀಕ್ಷಿಸಲು ಎಲ್ಲಿ ಕಲಿಯಬೇಕು? ಗ್ರಂಥಾಲಯದಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರಷ್ಟು ಹಿಂದೆಯೇ ರೂಪುಗೊಂಡಿತು. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಧೀನಕ್ಕೆ ಬಂದವು. 2020ರಲ್ಲಿ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು. ಇಂದು ಅವು ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ. ಹೆಸರು ಸುಂದರವಾಗಿದೆ. ಆದರೆ ಗ್ರಂಥಾಲಯವೆಂದೊಡನೆ ‘ಗಲಾಟೆ ಮಾಡಬೇಡಿ’ ಎಂಬ ಫಲಕವಷ್ಟೇ ಮಗುವಿನ ನೆನಪಿಗೆ ಬರುವುದಾದರೆ, ಅಲ್ಲಿ ಅರಿವು ಹುಟ್ಟುವುದು ಹೇಗೆ?

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರ ಜೀವನದ ಒಂದು ಪ್ರಸಂಗ ಇಲ್ಲಿ ಸ್ಮರಣೀಯ. 1924ರಲ್ಲಿ ಗ್ರಂಥಾಲಯ ವಿಷಯವನ್ನು ಅಭ್ಯಸಿಸಲು ಲಂಡನ್ನಿಗೆ ತೆರಳಿದ ಅವರು, ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ‘ಮೆಕ್ಯಾನೋ’ ಎಂಬ ಮಕ್ಕಳ ಆಟಿಕೆಯನ್ನು ಕಂಡರು. ಅವೇ ಕೆಲವು ಪಟ್ಟಿಗಳನ್ನೂ ತಿರುಪುಗಳನ್ನೂ ಬೇರೆ ಬೇರೆ ಬಗೆಯಲ್ಲಿ ಜೋಡಿಸಿದಾಗ ಬೇರೆ ಬೇರೆ ಆಟಿಕೆಗಳು ರೂಪುಗೊಳ್ಳುತ್ತಿದ್ದವು. ಜ್ಞಾನದ ವಿಷಯಗಳನ್ನೂ ಹೀಗೆಯೇ ಬಿಡಿಸಿ ಜೋಡಿಸಬಹುದಲ್ಲವೇ ಎಂಬ ಹೊಳಹು ಅವರಿಗೆ ಅಲ್ಲಿ ದೊರೆಯಿತು. ಅವರ ಪ್ರಸಿದ್ಧ ‘ಕೋಲನ್’ ವರ್ಗೀಕರಣ ಪದ್ಧತಿಯ ಬೀಜ ಇದು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಗಾಗಿ ಕೇಂದ್ರವನ್ನು ಸ್ಥಾಪಿಸಿ, ಅದೇ ನಗರದಲ್ಲಿ 1972ರಲ್ಲಿ ನಿಧನರಾದ ಈ ಮಹನೀಯರ ಶಾಸ್ತ್ರದ ಬುಡದಲ್ಲಿ ಒಂದು ಆಟಿಕೆಯಿದೆ.

ನಮ್ಮ ಮಣ್ಣಿನಲ್ಲಿಯೂ ಇದಕ್ಕೆ ಪರಂಪರೆಯುಂಟು. ಪುತ್ತೂರಿನ ಬಾಲವನದಲ್ಲಿ ದೀರ್ಘಕಾಲ ನೆಲೆಸಿದ್ದ ಡಾ. ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ರಚಿಸಿದರು, ಅದೇ ವೇಳೆ ಮಕ್ಕಳು ಆಡಿ, ಕುಣಿದು, ನೋಡಿ ಕಲಿಯಬೇಕೆಂದು ಬಾಲವನದಲ್ಲಿ ಪ್ರಯೋಗಗಳನ್ನೂ ನಡೆಸಿದರು. ಇಂದು ಕಡಬ ತಾಲೂಕಿಗೆ ಸೇರಿರುವ ಕುಳ್ಕುಂದದಲ್ಲಿ 1924ರಲ್ಲಿ ಜನಿಸಿದ ನಿರಂಜನರು ‘ಜ್ಞಾನಗಂಗೋತ್ರಿ’ ಎಂಬ ಏಳು ಸಂಪುಟಗಳ ಕಿರಿಯರ ವಿಶ್ವಕೋಶವನ್ನು ಸಂಪಾದಿಸಿದರು. ಕನ್ನಡದ ಮಕ್ಕಳಿಗೆ ವಿಶ್ವಕೋಶ ಕಟ್ಟಿಕೊಟ್ಟ ಈ ಇಬ್ಬರ ಬದುಕೂ ಒಂದೇ ಕುಮಾರಧಾರಾ ಸೀಮೆಯ ಆಸುಪಾಸಿಗೆ ಸೇರಿದೆ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ದು ನಾನು ಆಡಿಸುವ ಕೆಲವು ಆಟಗಳನ್ನು ನಿಮ್ಮ ಮುಂದಿಡುತ್ತೇನೆ. ಮೊದಲನೆಯದು ‘ಮೂರರಲ್ಲಿ ಒಂದು ಸುಳ್ಳು’. ಬಾಲವನ ಪುತ್ತೂರಿನಲ್ಲಿದೆ, ಪಯಸ್ವಿನಿ ಸುಳ್ಯದ ಮೂಲಕ ಹರಿಯುತ್ತದೆ, ಕುಮಾರಧಾರೆ ಕಾವೇರಿಯನ್ನು ಸೇರುತ್ತದೆ. ಇವುಗಳಲ್ಲಿ ಸುಳ್ಳು ಯಾವುದು? ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆಂದು ಮಕ್ಕಳು ಒಕ್ಕೊರಲಿನಿಂದ ಕೂಗುತ್ತಾರೆ. ಆದರೆ ಉತ್ತರ ಗೊತ್ತಿದ್ದರೆ ಸಾಲದು. ಅದು ಮುದ್ರಿತವಾಗಿರುವ ಪುಟವನ್ನು ತೆರೆದು ತೋರಿಸಿದವರಿಗೇ ಅಂಕ. ಆಗ ಕಪಾಟುಗಳ ನಡುವೆ ಆರಂಭವಾಗುವ ಓಡಾಟವನ್ನು ನೀವು ನೋಡಬೇಕು!

ಎರಡನೆಯದು ಚೆನ್ನೆಮಣೆಯಿಂದ ಹುಟ್ಟಿದ್ದು. ಆಟಿ ತಿಂಗಳ ಮಳೆಯಲ್ಲಿ ನಮ್ಮ ಹಿರಿಯರು ಆಡುತ್ತಿದ್ದ ಆ ಮಣೆಯನ್ನು ಮೇಜಿನ ಮೇಲಿಟ್ಟು, ಒಂದು ಸುದ್ದಿಯನ್ನು ಹೇಳುತ್ತೇನೆ. ಅದಕ್ಕೆ ದೊರೆಯುವ ಪ್ರತಿಯೊಂದು ಸಾಕ್ಷಿಗೆ ಗುಳಿಯಲ್ಲಿ ಒಂದು ಬೀಜ. ಒಮ್ಮೆ, ಒಂದೇ ಸಂದೇಶ ಹತ್ತು ಮಂದಿಯಿಂದ ಬಂದರೆ ಎಷ್ಟು ಬೀಜ ಹಾಕಬೇಕೆಂದು ಕೇಳಿದೆ. ಹುಡುಗನೊಬ್ಬ ಹತ್ತು ಬೀಜಗಳನ್ನು ಎಣಿಸತೊಡಗಿದ. ಪಕ್ಕದಲ್ಲಿದ್ದ ಹುಡುಗಿ ಅವನ ಕೈ ಹಿಡಿದು, “ಹತ್ತಲ್ಲ ಮಾರಾಯ, ಒಂದೇ. ಬರೆದದ್ದು ಒಬ್ಬನೇ ಅಲ್ವಾ? ಉಳಿದವರು ಕಳಿಸಿದ್ದು ಮಾತ್ರ” ಎಂದಳು. ಸ್ವಲ್ಪ ಯೋಚಿಸಿ, “ಆ ಒಬ್ಬ ಯಾರೆಂದು ಗೊತ್ತಿಲ್ಲದಿದ್ದರೆ ಒಂದೂ ಇಲ್ಲ ಅಲ್ವಾ, ಫಾದರ್?” ಎಂದು ನನ್ನತ್ತ ನೋಡಿದಳು. ಪುನರುಕ್ತಿ ಬೇರೆ, ಸಾಕ್ಷ್ಯ ಬೇರೆ ಎಂಬ ಈ ತತ್ತ್ವವನ್ನು ಇದಕ್ಕಿಂತ ಸರಳವಾಗಿ ನಾನು ಯಾವ ಪ್ರಬೋಧನೆಯಲ್ಲಿಯೂ ಹೇಳಲಾರೆ.

ಮೂರನೆಯ ಆಟ ದೊಡ್ಡ ಮಕ್ಕಳಿಗೆ. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಕೊಡಗಿನ ಅರಸರಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಗೆ ಸೇರಿದವು. ದವಸದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಲಾಯಿತು. 1837ರಲ್ಲಿ ಜನ ದಂಗೆಯೆದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಮಂಗಳೂರನ್ನು ತಲುಪಿ ಸುಮಾರು ಎರಡು ವಾರ ತಮ್ಮ ಹಿಡಿತದಲ್ಲಿಟ್ಟುಕೊಂಡರು. ಒಂದು ಪುಸ್ತಕ ಇದನ್ನು ಕೊಡಗಿನ ಬಂಡಾಯವೆನ್ನುತ್ತದೆ. ಜನರ ಬಾಯಲ್ಲಿ ಇದು ‘ಕಲ್ಯಾಣಪ್ಪನ ಕಾಟಕಾಯಿ’. ಇನ್ನೊಂದು ಪುಸ್ತಕಕ್ಕೆ ಇದು ಅಮರ ಸುಳ್ಯದ ಸ್ವಾತಂತ್ರ್ಯ ಸಮರ. ನಿರಂಜನರು ಇದನ್ನೇ ‘ಕಲ್ಯಾಣಸ್ವಾಮಿ’ ಕಾದಂಬರಿಯಾಗಿಸಿದರು. ಮಕ್ಕಳು ಗುಂಪುಗಳಾಗಿ ಈ ಬರಹಗಳನ್ನು ಹಂಚಿಕೊಂಡು ಓದಿ, ಬರೆದವರು ಯಾರು, ಯಾವಾಗ ಬರೆದರು, ಯಾರ ಪಕ್ಷದಲ್ಲಿ ನಿಂತು ಬರೆದರು, ಯಾರ ದನಿ ಇದರಲ್ಲಿ ಕೇಳಿಸುತ್ತಿಲ್ಲ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕು. ಅಚ್ಚಾದ ಮಾತಿಗೂ ಒಬ್ಬ ಆಡುಗನಿದ್ದಾನೆಂದು ಅವರು ಅಂದು ಅರಿಯುತ್ತಾರೆ.

ಓದುಗರಲ್ಲಿ ಕೆಲವರಿಗೆ ಒಂದು ಆತಂಕ ಮೂಡಬಹುದು. ಹೀಗೆ ಪ್ರಶ್ನಿಸಲು ಕಲಿತ ಮಕ್ಕಳು ನಾಳೆ ಹಿರಿಯರನ್ನೂ ಗುರುಗಳನ್ನೂ ವಿಶ್ವಾಸವನ್ನೂ ಪ್ರಶ್ನಿಸುವುದಿಲ್ಲವೇ? ಪ್ರಶ್ನಿಸಲಿ. ಹನ್ನೆರಡರ ಹರೆಯದ ಬಾಲಯೇಸು ದೇವಾಲಯದಲ್ಲಿ ಬೋಧಕರ ಮಧ್ಯೆ ಕುಳಿತು ಆಲಿಸುತ್ತಲೂ ಪ್ರಶ್ನಿಸುತ್ತಲೂ ಇದ್ದರೆಂದು ಸಂತ ಲೂಕನು ತಿಳಿಸುತ್ತಾನೆ. ಪ್ರೇಷಿತನಾದ ಪೌಲನೇ ಬಂದು ಬೋಧಿಸಿದರೂ, ಬೆರೋಯದ ಜನರು ಅದು ನಿಜವೋ ಎಂದು ಪ್ರತಿದಿನ ಪವಿತ್ರ ಗ್ರಂಥವನ್ನು ಶೋಧಿಸಿದರು. ‘ಪ್ರೇಷಿತರ ಕಾರ್ಯಕಲಾಪಗಳು’ ಅವರನ್ನು ಹೊಗಳುತ್ತದೆಯೇ ಹೊರತು ತೆಗಳುವುದಿಲ್ಲ. ಗುರುಮಠದಲ್ಲಿ ನಮಗೆ ಪಾಠವಾಗಿದ್ದ ಸಂತ ಥಾಮಸ್ ಅಕ್ವಿನಾಸರ ‘ಸುಮ್ಮಾ’ ಗ್ರಂಥವು ಪ್ರತಿಯೊಂದು ವಿಷಯದಲ್ಲಿಯೂ ಎದುರು ವಾದಗಳನ್ನೇ ಮೊದಲು ನ್ಯಾಯವಾಗಿ ಮಂಡಿಸಿ, ಆ ಬಳಿಕವೇ ತನ್ನ ಉತ್ತರವನ್ನು ನೀಡುತ್ತದೆ. ಪರೀಕ್ಷೆಗೆ ಅಂಜುವ ವಿಶ್ವಾಸ ನಮ್ಮ ಪರಂಪರೆಯದಲ್ಲ.

ಜಗದ್ಗುರು ಫ್ರಾನ್ಸಿಸ್‌ರವರು 2018ರ ವಿಶ್ವ ಸಂಪರ್ಕ ಮಾಧ್ಯಮ ದಿನದ ಸಂದೇಶವನ್ನು ಸುಳ್ಳು ಸುದ್ದಿಯ ವಿಷಯಕ್ಕೇ ಮೀಸಲಿಟ್ಟು, ಏದೆನ್ ತೋಟದ ಸರ್ಪದ ತಂತ್ರದಲ್ಲಿ ಅದರ ಮೂಲವನ್ನು ಗುರುತಿಸಿದರು. 2023ರ ಮಾರ್ಚ್‌ನಲ್ಲಿ, ಅವರು ಉಬ್ಬಿದ ಬಿಳಿ ಜಾಕೆಟ್ ತೊಟ್ಟಂತೆ ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಿದ ಚಿತ್ರವೊಂದು ಲೋಕವನ್ನೆಲ್ಲ ಸುತ್ತಿತು; ಅನೇಕರು ನಂಬಿದರು. ಆ ಚಿತ್ರದಿಂದ ನಗುವಷ್ಟೇ ಹುಟ್ಟಿತು. ಅದೇ ಯಂತ್ರ ನಾಳೆ ನಮ್ಮ ನೆರೆಯವನ ಮುಖವನ್ನು ಮಾಡದ ಅಪರಾಧವೊಂದಕ್ಕೆ ಅಂಟಿಸಿದರೆ, ನಮ್ಮ ಮಕ್ಕಳು ನಗುವರೋ ಕಲ್ಲೆತ್ತುವರೋ?

ಆದ್ದರಿಂದ ನನ್ನ ವಿನಂತಿ ಸರಳವಾದುದು. ತಿಂಗಳಿಗೆ ಒಂದು ಶನಿವಾರ ಧರ್ಮೋಪದೇಶದ ಮಕ್ಕಳನ್ನು, ಜೊತೆಗೆ ನೆರೆಹೊರೆಯ ಎಲ್ಲ ಧರ್ಮದ ಮಕ್ಕಳನ್ನು, ಊರಿನ ಅರಿವು ಕೇಂದ್ರಕ್ಕೆ ಕರೆದೊಯ್ಯಿರಿ. ಗ್ರಂಥಪಾಲಕರನ್ನು ಗೌರವದಿಂದ ಕಂಡು, ಒಂದು ಗಂಟೆಯ ಗಲಾಟೆಗೆ ಅನುಮತಿ ಕೇಳಿರಿ. ಆಟವಾಡಿಸಿರಿ. ಒಟ್ಟಿಗೆ ಪುಟ ಮಗುಚಿದ ಆ ಮಕ್ಕಳ ಮೊಬೈಲಿಗೆ ಮುಂದೊಂದು ದಿನ ಪರಸ್ಪರರ ವಿರುದ್ಧ ಸಂದೇಶ ಬಂದಾಗ, ಅವರಲ್ಲಿ ಒಬ್ಬರಾದರೂ ಅದನ್ನು ತಡೆಹಿಡಿದು, “ಇದನ್ನು ಯಾರು ಹೇಳಿದ್ದು?” ಎಂದು ಕೇಳುವಂತಾಗಲಿ. ಎಂಟನೆಯ ಆಜ್ಞೆಯ ಪಾಲನೆಗೆ ಪ್ರಭು ನಮಗೂ ನಮ್ಮ ಮಕ್ಕಳಿಗೂ ವಿವೇಕವನ್ನು ದಯಪಾಲಿಸಲಿ.