ಪಹಣಿ ಇಲ್ಲದವರ ಜಾಮೀನು

ಜೈಲಿನಲ್ಲಿರುವವರೆಲ್ಲ ತಪ್ಪಿತಸ್ಥರು ಎಂಬುದು ನಮ್ಮಲ್ಲಿ ಹೆಚ್ಚಿನವರ ನಂಬಿಕೆ. ಮಕ್ಕಳೂ ಅದನ್ನು ನಮ್ಮಿಂದಲೇ ಕಲಿಯುತ್ತಾರೆ. ಕಳೆದ ಶೈಕ್ಷಣಿಕ ವರ್ಷ ನಮ್ಮ ಪ್ರೌಢಶಾಲೆಯ ಒಂಬತ್ತನೇ ತರಗತಿಯಲ್ಲಿ ನ್ಯಾಯಾಂಗದ ಪಾಠ ಮಾಡುತ್ತಿದ್ದ ಸಮಾಜ ವಿಜ್ಞಾನದ ಅಧ್ಯಾಪಕರು ಕರಿಹಲಗೆಯ ಮೇಲೆ ಎರಡು ಸಂಖ್ಯೆ ಬರೆದರಂತೆ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದವರು 5,73,220 ಮಂದಿ. ಅವರಲ್ಲಿ ವಿಚಾರಣಾಧೀನ ಕೈದಿಗಳೇ 4,34,302. ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ಸರಕಾರವೇ ಪ್ರಕಟಿಸಿದ ಲೆಕ್ಕ ಇದು.

"ಏನೂ ಮಾಡದೆ ಪೊಲೀಸರು ಸುಮ್ಮನೆ ಹಿಡಿದುಕೊಂಡು ಹೋಗ್ತಾರಾ ಸರ್?" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ. ತರಗತಿ ನಕ್ಕಿತು. ಅಧ್ಯಾಪಕರು ಇದನ್ನು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಾ ಹೇಳಿದರು. ನಲವತ್ತು ನಿಮಿಷದಲ್ಲಿ ಉತ್ತರಿಸಿ ಮುಗಿಸುವ ಪ್ರಶ್ನೆ ಇದಲ್ಲ ಎಂದು ಇಬ್ಬರಿಗೂ ಅನಿಸಿತು.

ನಾನು ಅದೇ ಶಾಲೆಯಲ್ಲಿ ಅರಬಿ ಮತ್ತು ನೈತಿಕ ಶಿಕ್ಷಣ ಕಲಿಸುವವಳು. ಮದ್ರಸಾದಲ್ಲಿ ಓದಿ, ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ಅಂಚೆ ತೆರಪಿನ ಮೂಲಕ ಬಿ.ಎ. ಮಾಡಿದವಳು. ಸುಳ್ಳು ಹೇಳಬಾರದು, ಹಿರಿಯರನ್ನು ಗೌರವಿಸಬೇಕು ಎಂದು ಒಂದೇ ರಾಗದಲ್ಲಿ ಎಷ್ಟು ವರ್ಷ ಹೇಳುವುದು! ನನ್ನ ಶನಿವಾರದ ಅವಧಿಯನ್ನು ಮೂರು ತಿಂಗಳ ಮಟ್ಟಿಗೆ ಇದಕ್ಕೇ ಬಿಟ್ಟುಕೊಡುತ್ತೇನೆ ಎಂದೆ. ಮುಖ್ಯೋಪಾಧ್ಯಾಯರು ಸ್ವಲ್ಪ ಯೋಚಿಸಿ ಎರಡು ಷರತ್ತು ಹಾಕಿದರು. ಊರಿನ ಯಾವ ಕೇಸಿನ ಸುದ್ದಿಯನ್ನೂ ತರಗತಿಗೆ ತರಬಾರದು, ಹೆತ್ತವರನ್ನೂ ಕರೆಯಬೇಕು.

ಮೊದಲ ಶನಿವಾರ ನಾನು ಪ್ರವಾದಿ ಯೂಸುಫ್(ಅ)ರ ಕಥೆ ಹೇಳಿದೆ. ನಮ್ಮ ತರಗತಿಯಲ್ಲಿ ಎಲ್ಲ ಧರ್ಮದ ಮಕ್ಕಳಿದ್ದಾರೆ. ಇದು ತಮ್ಮ ಬೈಬಲಿನಲ್ಲೂ ಇದೆ ಎಂದು ಒಬ್ಬ ಹುಡುಗಿ ಖುಷಿಯಿಂದ ಎದ್ದು ನಿಂತಳು. ಅಂಗಿ ಹಿಂದಿನಿಂದ ಹರಿದಿತ್ತು, ಅಂದರೆ ಅವರು ನಿರಪರಾಧಿ ಎಂಬುದಕ್ಕೆ ಸಾಕ್ಷ್ಯ ಕಣ್ಣೆದುರಿಗೇ ಇತ್ತು. ಆದರೂ ಸೆರೆಮನೆಗೆ ಹೋಗಬೇಕಾಯಿತು. ಜೊತೆಯಲ್ಲಿದ್ದ ಕೈದಿ ಬಿಡುಗಡೆಯಾದಾಗ, ಒಡೆಯನ ಬಳಿ ನನ್ನ ವಿಷಯ ಹೇಳು ಎಂದು ಅವರು ಕೇಳಿಕೊಂಡರು. ಆತ ಮರೆತೇಬಿಟ್ಟ. ಆ ಮರೆವಿಗೆ ಅವರು ತೆತ್ತದ್ದು ವರ್ಷಗಳು! ಕೊನೆಗೆ ಅರಸನ ಕರೆ ಬಂದಾಗ ಅವರು ಓಡಿ ಬರಲಿಲ್ಲ. ಮೊದಲು ಆ ಸ್ತ್ರೀಯರ ವಿಷಯ ವಿಚಾರಣೆಯಾಗಲಿ ಎಂದು ದೂತನನ್ನು ಮರಳಿ ಕಳಿಸಿದರು. ಬಾಗಿಲು ತೆರೆದರೂ ಹೊರಗೆ ಬಾರದವರು ಯಾರಾದರೂ ಇರುತ್ತಾರೆಯೇ ಎಂದು ಮಕ್ಕಳಿಗೆ ಆಶ್ಚರ್ಯ. ಸ್ವಲ್ಪ ಹೊತ್ತಿನ ಬಳಿಕ ಒಬ್ಬಳು, "ಹಾಗೇ ಬಂದಿದ್ದರೆ ಜನ ಜೈಲಿಗೆ ಹೋಗಿ ಬಂದವ ಅಂತಲೇ ಹೇಳುತ್ತಿದ್ದರಲ್ವ ಟೀಚರ್?" ಎಂದಳು.

ಎರಡನೇ ಶನಿವಾರ ನನ್ನ ಹಳೆಯ ಮದ್ರಸಾ ಓದು ಉಪಯೋಗಕ್ಕೆ ಬಂತು. ಇಮಾಮ್ ಅಬೂ ಹನೀಫಾ(ರ) ಅವರು 767ರಲ್ಲಿ ಬಗ್ದಾದಿನ ಸೆರೆಯಲ್ಲಿ ತೀರಿಕೊಂಡರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಅವರ ಶಿಷ್ಯ ಅಬೂ ಯೂಸುಫ್(ರ) ಮುಂದೆ ಖಲೀಫಾ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ಖಾಝಿಯಾದರು. ಖಲೀಫಾ ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ ಅವರು ಬರೆದ ಗ್ರಂಥ ಕಿತಾಬುಲ್ ಖರಾಜ್. ಹೆಚ್ಚಿನ ಭಾಗ ಭೂಕಂದಾಯದ್ದು, ನಡುವೆ ಕೈದಿಗಳ ಬಗ್ಗೆ ಒಂದು ಅಧ್ಯಾಯ. ಕೈದಿಗಳಿಗೆ ತಿಂಗಳಿಗೆ ಹತ್ತು ದಿರ್ಹಮ್‌ನಂತೆ ಅವರ ಕೈಗೇ ಕೊಡಬೇಕು, ಚಳಿಗೆ ಬೇರೆ, ಬೇಸಿಗೆಗೆ ಬೇರೆ ಬಟ್ಟೆ ಕೊಡಬೇಕು, ಸಂಕೋಲೆ ಹಾಕಿ ಬೀದಿಯಲ್ಲಿ ಭಿಕ್ಷೆಗೆ ಕಳಿಸುವುದನ್ನು ನಿಲ್ಲಿಸಬೇಕು ಎಂದೆಲ್ಲ ಅದರಲ್ಲಿದೆ. ವಿದ್ಯಾರ್ಥಿನಿಯಾಗಿದ್ದಾಗ ಇದನ್ನೆಲ್ಲ ಪರೀಕ್ಷೆಗೆಂದು ಓದಿ ಬಿಟ್ಟಿದ್ದೆ. ಈ ಸಲ ಬೇರೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಜೈಲುಗಳು ತುಂಬಿರುವುದು ಕೈದಿಗಳ ವಿಷಯವನ್ನು ಯಾರೂ ಪರಿಶೀಲಿಸದ ಕಾರಣದಿಂದ, ಸೆರೆ ಮಾತ್ರ ಇದೆ, ವಿಚಾರಣೆ ಇಲ್ಲ ಎಂದು ಅವರು ಖಲೀಫಾರಿಗೇ ನೇರವಾಗಿ ಬರೆಯುತ್ತಾರೆ. ದಿನದಿನವೂ ಕೈದಿಗಳ ವಿಷಯ ಪರಿಶೀಲಿಸುವಂತೆ ಅಧಿಕಾರಿಗಳಿಗೆ ಆಜ್ಞೆ ಮಾಡಿ ಎನ್ನುತ್ತಾರೆ. ಸಾವಿರದ ಇನ್ನೂರು ವರ್ಷ ಹಿಂದಿನ ಮಾತು!

ಆಮೇಲೆ ಸಮಾಜ ವಿಜ್ಞಾನದ ಅಧ್ಯಾಪಕರ ಸರದಿ. ಅವರು 1979ರ ಹುಸೈನಾರಾ ಖಾತೂನ್ ಪ್ರಕರಣ ಹೇಳಿದರು. ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ಹಿಡಿದು ಕಪಿಲಾ ಹಿಂಗೋರಾನಿ ಎಂಬ ವಕೀಲೆ ಸುಪ್ರೀಂ ಕೋರ್ಟಿಗೆ ಹೋದರು. ಕೈದಿಗಳ ಪಟ್ಟಿಯಲ್ಲಿದ್ದ ಹುಸೈನಾರಾ ಖಾತೂನ್ ಎಂಬ ಹೆಣ್ಣಿನ ಹೆಸರೇ ಪ್ರಕರಣದ ಹೆಸರಾಯಿತು. ತಪ್ಪು ಸಾಬೀತಾಗಿದ್ದರೂ ಸಿಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲವನ್ನು ಕೆಲವರು ಆಗಲೇ ಒಳಗೆ ಕಳೆದಿದ್ದರು. ಆರೋಪವೇ ಇಲ್ಲದೆ, ರಕ್ಷಣೆಯ ಹೆಸರಿನಲ್ಲಿ, ಸಾಕ್ಷಿಗೆ ಬೇಕೆಂಬ ಕಾರಣಕ್ಕೆ ಜೈಲಿನಲ್ಲಿಟ್ಟ ಹೆಂಗಸರೂ ಇದ್ದರು. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿ ಕೊಟ್ಟ ಮೂಲಭೂತ ಹಕ್ಕು ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ಹೇಳಿತು.

ಗಣಿತದ ಟೀಚರ್ ಕೂಡ ಸುಮ್ಮನೆ ಕೂರಲಿಲ್ಲ. ಬಿಹಾರದವರೇ ಆದ ರುದಲ್ ಶಾ 1968ರಲ್ಲಿ ದೋಷಮುಕ್ತರಾಗಿದ್ದರೂ ಜೈಲಿನಿಂದ ಹೊರಬಂದದ್ದು 1982ರಲ್ಲಿ. ನಿರಪರಾಧಿ ಎಂದು ಕೋರ್ಟು ಹೇಳಿದ ಮೇಲೂ ಹದಿನಾಲ್ಕು ವರ್ಷ! 1983ರಲ್ಲಿ ಸುಪ್ರೀಂ ಕೋರ್ಟ್, ರಾಜ್ಯ ಸರಕಾರ ಆಗಲೇ ಕೊಟ್ಟಿದ್ದ 5 ಸಾವಿರದ ಜೊತೆಗೆ ಇನ್ನೂ 30 ಸಾವಿರ ರೂಪಾಯಿ ತಾತ್ಕಾಲಿಕ ಪರಿಹಾರ ಕೊಡುವಂತೆ ಆದೇಶಿಸಿತು. ದಿನಕ್ಕೆ ಎಷ್ಟು ಬಿತ್ತು ಎಂದು ಭಾಗಿಸಿ ನೋಡಿ ಎಂದರು ಟೀಚರ್. ಏಳು ರೂಪಾಯಿಯೂ ಬೀಳಲಿಲ್ಲ. ಒಬ್ಬ ಹುಡುಗ ಲೆಕ್ಕ ತಪ್ಪಿರಬೇಕೆಂದು ಮತ್ತೆ ಮತ್ತೆ ಮಾಡಿದ.

ಮುಖ್ಯೋಪಾಧ್ಯಾಯರು ಇಂಗ್ಲಿಷ್ ಪತ್ರಿಕೆ ಓದುವವರು. ಅವರು ಒಂದು ವಾರ ಅಮೆರಿಕದ ಸಂಗತಿ ಹೇಳಿದರು. ಜನಸಂಖ್ಯೆಯಲ್ಲಿ ನಮ್ಮ ಕಾಲು ಭಾಗದಷ್ಟೂ ಇಲ್ಲದ ಆ ದೇಶದಲ್ಲಿ ಸೆರೆಯಲ್ಲಿರುವವರು ಸುಮಾರು 20 ಲಕ್ಷ. ಒಟ್ಟು ಜನರಲ್ಲಿ ಏಳರಲ್ಲಿ ಒಂದು ಪಾಲಿರುವ ಕಪ್ಪು ಜನಾಂಗದವರು ಸೆರೆಮನೆಯಲ್ಲಿ ಮೂರನೇ ಒಂದು ಭಾಗದಷ್ಟಿದ್ದಾರೆ. ಅಷ್ಟೊಂದು ಮಂದಿಯನ್ನು ನಾವು ಜೈಲಿಗೆ ಹಾಕಿಲ್ಲ ಎಂದು ಮಕ್ಕಳಿಗೆ ಸ್ವಲ್ಪ ಸಮಾಧಾನ. ಆದರೆ ಅಲ್ಲಿಯದು ಹೆಚ್ಚಾಗಿ ದೀರ್ಘ ಶಿಕ್ಷೆಗಳ ಕಥೆಯಾದರೆ ನಮ್ಮದು ಕಾಯುವುದರ ಕಥೆ. ನಮ್ಮ ಜೈಲುಗಳಲ್ಲೂ ದಲಿತರು, ಆದಿವಾಸಿಗಳು, ಮುಸ್ಲಿಮರು ಜನಸಂಖ್ಯೆಯಲ್ಲಿರುವ ಪಾಲಿಗಿಂತ ಹೆಚ್ಚಿಗೆ ಇದ್ದಾರೆ. ಕೈದಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹತ್ತನೇ ತರಗತಿ ಮುಟ್ಟದವರು. ಇದನ್ನು ಕೇಳಿ ತರಗತಿ ಸ್ವಲ್ಪ ಹೊತ್ತು ಮೌನವಾಯಿತು. ಒಂಬತ್ತನೇ ತರಗತಿಯ ಮಕ್ಕಳಲ್ಲವೇ!

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪಾಠ ನಡೆದದ್ದು ಜಾಮೀನಿನ ವಿಷಯ ಬಂದ ದಿನ. 1978ರ ಮೋತಿ ರಾಮ್ ಪ್ರಕರಣ. ಮಧ್ಯಪ್ರದೇಶದ ಬಡ ಗಾರೆ ಕೆಲಸದವರು. ಜಾಮೀನು ಸಿಕ್ಕಿತು, ಆದರೆ ಕೆಳಗಿನ ಕೋರ್ಟು 10 ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿತು. ಅವರ ಸಹೋದರ ನಿಲ್ಲಲು ಬಂದರೆ, ಆತ ಬೇರೆ ಜಿಲ್ಲೆಯವ ಎಂದು ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನು ಕಟುವಾಗಿ ಟೀಕಿಸಿ, 1 ಸಾವಿರ ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವರನ್ನು ಬಿಡಲು ಹೇಳಿದರು. ಅಧ್ಯಾಪಕರು ಕಥೆ ಮುಗಿಸಿ ಒಂದು ಪ್ರಶ್ನೆ ಕೇಳಿದರು: "ಶ್ಯೂರಿಟಿ ನಿಲ್ಲುವವರ ಬಳಿ ಸಾಮಾನ್ಯವಾಗಿ ಪಹಣಿ ಕೇಳುತ್ತಾರೆ. ನಿಮ್ಮಲ್ಲಿ ಯಾರ ತಂದೆಯ ಹೆಸರಿನಲ್ಲಿ ಪಹಣಿ ಇದೆ?"

38 ಮಕ್ಕಳಲ್ಲಿ ಕೈ ಎತ್ತಿದವರು ನಾಲ್ವರು. ಉಳಿದವರದ್ದು ಬಾಡಿಗೆ ಮನೆ, ಐದು ಸೆಂಟ್ಸಿನ ಜಾಗ, ಇಲ್ಲವೇ ಅಜ್ಜನ ಹೆಸರಿನಲ್ಲೇ ಉಳಿದು ಪಾಲಾಗದ ತೋಟ.

ಅದರ ಮುಂದಿನ ವಾರ ಹೆತ್ತವರ ಸಭೆ. ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಮಂದಿ ಬಂದಿದ್ದರು. "ಮಕ್ಕಳಿಗೆ ಇಂಜಿನಿಯರ್, ಡಾಕ್ಟರ್ ಆಗುವ ದಾರಿ ತೋರಿಸಿ, ಜೈಲಿನ ದಾರಿ ಯಾಕೆ?" ಎಂದು ರಿಕ್ಷಾ ಓಡಿಸುವ ತಂದೆಯೊಬ್ಬರು ಕೇಳಿದರು. ಕೆಲವರು ತಲೆಯಾಡಿಸಿದರು. ಅದು ಸುಲಭದ ಆಕ್ಷೇಪ. ನಿಜವಾದ ಪ್ರಶ್ನೆ ಬಂದದ್ದು ಹಿಂದೆ ಕುಳಿತಿದ್ದ ಒಬ್ಬ ತಾಯಿಯಿಂದ. ಅವರ ತಮ್ಮನನ್ನು ಯಾರೋ ಹಾಡಹಗಲೇ ಇರಿದಿದ್ದರು. ಜೀವ ಉಳಿಯಿತು, ಬಲಗೈ ಶಾಶ್ವತವಾಗಿ ಸ್ವಾಧೀನ ತಪ್ಪಿತು. "ಇರಿದವನು ಹತ್ತೇ ದಿನದಲ್ಲಿ ಜಾಮೀನಿನ ಮೇಲೆ ಬಂದ. ನಮ್ಮ ಮನೆಯ ಎದುರಿನಿಂದಲೇ ಬೈಕಿನಲ್ಲಿ ಹೋಗುತ್ತಾನೆ. ನೀವು ಆರೋಪಿಗಳ ಪರವಾಗಿಯೇ ಪಾಠ ಮಾಡುತ್ತೀರಿ. ನಮ್ಮ ಪರವಾಗಿ ಯಾರು ಪಾಠ ಮಾಡುತ್ತಾರೆ ಟೀಚರೇ?" ಎಂದು ಅವರು ಕೇಳಿದಾಗ ಸಭೆ ಸ್ತಬ್ಧವಾಯಿತು. ತಾಲೂಕು ಕಾನೂನು ಸೇವಾ ಸಮಿತಿಯಿಂದ ಬಂದಿದ್ದ ವಕೀಲೆ ಅವರನ್ನು ಸಮಾಧಾನ ಪಡಿಸಲು ಹೋಗದೆ ಒಂದೇ ಪ್ರಶ್ನೆ ಕೇಳಿದರು. ಕೇಸು ಯಾವ ಹಂತದಲ್ಲಿದೆ? "ಆರು ವರ್ಷ ಆಯಿತು. ನನ್ನ ತಮ್ಮನ ಸಾಕ್ಷಿ ಇನ್ನೂ ಆಗಿಲ್ಲ. ಹೋದಾಗಲೆಲ್ಲ ಇನ್ನೊಂದು ತಾರೀಕು ಕೊಡುತ್ತಾರೆ" ಎಂದರು ಆ ತಾಯಿ.

ಅಬೂ ಯೂಸುಫರ ಮಾತಿನ ಇನ್ನೊಂದು ಮಗ್ಗುಲು ನನಗೆ ಹೊಳೆದದ್ದು ಆಗ. ಪರಿಶೀಲಿಸುವವರಿಲ್ಲದಿದ್ದರೆ ಒಳಗಿರುವವನೂ ಕಾಯುತ್ತಾನೆ, ಹೊರಗೆ ಗಾಯ ಹೊತ್ತವನೂ ಕಾಯುತ್ತಾನೆ. ಹಣವಿರುವ ಆರೋಪಿ ಹತ್ತೇ ದಿನದಲ್ಲಿ ಮನೆಗೆ ಬರುತ್ತಾನೆ. ಅವನಿಗೆ ವಿಚಾರಣೆ ತಡವಾದಷ್ಟೂ ಲಾಭವೇ.

ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಬುರ್ಖಾ ತೊಟ್ಟ ಒಬ್ಬ ಹೆಂಗಸು ಜಗಲಿಯ ಕಂಬದ ಬಳಿ ನಿಂತಿದ್ದರು. ಅವರ ಮಗ ನನ್ನ ವಿದ್ಯಾರ್ಥಿ. ಅವನ ಉಪ್ಪ ದಮ್ಮಾಮಿನಲ್ಲಿ ಡ್ರೈವರ್ ಎಂದು ನಮ್ಮ ದಾಖಲೆಯಲ್ಲಿತ್ತು. ನಮ್ಮ ಕರಾವಳಿಯಲ್ಲಿ ಮನೆಯಲ್ಲಿಲ್ಲದ ಗಂಡಸರೆಲ್ಲ ಗಲ್ಫಿನಲ್ಲೇ ಇರುತ್ತಾರೆ, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಹದಿನಾಲ್ಕು ತಿಂಗಳಿನಿಂದ ಅವರು ಜೈಲಿನಲ್ಲಿದ್ದರು. ಆರೋಪ ಏನೆಂದು ಬರೆಯಲಾರೆ. ಅವರು ತಪ್ಪು ಮಾಡಿದ್ದಾರೆಯೇ ಇಲ್ಲವೇ ಎಂದು ಹೇಳಬೇಕಾದದ್ದು ನಾನಲ್ಲ, ನ್ಯಾಯಾಲಯ. ತಾಯಿ ಮತ್ತು ಮಗ ಇಬ್ಬರೂ ಒಪ್ಪಿದ ಬಳಿಕವೇ ಇಷ್ಟನ್ನು ಬರೆಯುತ್ತಿದ್ದೇನೆ.

ಜಾಮೀನು ಸಿಕ್ಕಿ ಐದು ತಿಂಗಳಾಗಿತ್ತು! ಇಬ್ಬರು ಶ್ಯೂರಿಟಿ, ತಲಾ ಒಂದು ಲಕ್ಷ. ಸಂಬಂಧಿಕರು ಹಿಂದೆ ಸರಿದಿದ್ದರು. ದುಡ್ಡು ಪಡೆದು ಶ್ಯೂರಿಟಿ ನಿಲ್ಲಿಸಿಕೊಡುವವನೊಬ್ಬ ಬೀಡಿ ಕಟ್ಟಿ ಬದುಕುವ ಆ ಹೆಂಗಸಿನ ಬಳಿ ಕೇಳಿದ್ದು ಹದಿನೈದು ಸಾವಿರ. ಶಿವಮೊಗ್ಗ ಕಡೆ ಇರುವ ಅವರ ಅಣ್ಣನಿಗೆ ಸ್ವಲ್ಪ ಗದ್ದೆ ಇದೆ, ಆದರೆ ಬೇರೆ ಜಿಲ್ಲೆಯವರು ಆಗುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. "ನಿನ್ನೆ ರಾತ್ರಿ ಮಗ ಬಂದು, ಮಾಮ ಬೇರೆ ಜಿಲ್ಲೆಯವರಾದರೂ ನಿಲ್ಲಬಹುದಂತೆ ಉಮ್ಮಾ, ಮೋತಿ ರಾಮ್ ಅಂತ ಒಬ್ಬರ ಕೇಸಿನಲ್ಲಿ ಆಗಿದೆ ಅಂದ. ನಿಜವಾ ಟೀಚರೇ?"

ಮೂರು ವಾರದಿಂದ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿರುತ್ತಿದ್ದ ಹುಡುಗ ಅವನು. ಪಾಠ ಅವನಿಗೆ ಬೇಡವಾಗಿದೆ ಎಂದು ನಾವೆಲ್ಲ ಭಾವಿಸಿದ್ದೆವು.

ವಕೀಲೆ ಇನ್ನೂ ಬಸ್ ಸ್ಟಾಪಿನಲ್ಲಿದ್ದರು. ಅಲ್ಲಿಗೇ ಕರೆದುಕೊಂಡು ಹೋದೆ. ಅವರು ನಿಂತಲ್ಲೇ ಬಿಡಿಸಿ ಹೇಳಿದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೂ ಬಂಧನದಲ್ಲಿರುವವರಿಗೂ ಉಚಿತ ವಕೀಲರು ಸಿಗುತ್ತಾರೆ, ಆದಾಯದ ಮಿತಿ ನೋಡುವುದಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ, ಜಾಮೀನು ಸಿಕ್ಕಿ ಏಳು ದಿನದೊಳಗೆ ಕೈದಿ ಹೊರಬಾರದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಲ್ಲಿ ಶ್ಯೂರಿಟಿ ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ಕೋರ್ಟು ತಾನಾಗಿಯೇ ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯ ಹಟವೂ ಬಿಡುಗಡೆಗೆ ಒಂದು ಅಡ್ಡಿ ಎಂದು ಆ ನಿರ್ದೇಶನದಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಇನ್ನೊಂದು ದಾರಿ. ಹಿಂದೆ ಯಾವ ಅಪರಾಧದಲ್ಲೂ ತಪ್ಪಿತಸ್ಥರೆಂದು ಸಾಬೀತಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗೆ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೂ, ಬೇರೆ ಕೇಸು ಬಾಕಿ ಇರುವವರಿಗೂ ಇದು ಅನ್ವಯಿಸುವುದಿಲ್ಲ. ಇಷ್ಟೆಲ್ಲ ಕಾಗದದ ಮೇಲಿದೆ. ಆದರೆ ಐದು ತಿಂಗಳಲ್ಲಿ ಯಾರೂ ಆ ಹೆಂಗಸಿಗೆ ಹೇಳಿರಲಿಲ್ಲ.

ವಕೀಲೆ ಅರ್ಜಿ ಹಾಕಿದರು. ಕೋರ್ಟು ಮೊತ್ತ ಇಳಿಸಿ ಒಂದೇ ಶ್ಯೂರಿಟಿ ಸಾಕೆಂದಿತು, ಶಿವಮೊಗ್ಗದ ಅಣ್ಣನ ಪಹಣಿಯನ್ನು ಒಪ್ಪಿತು. ಇಪ್ಪತ್ತೆರಡು ದಿನಗಳ ಬಳಿಕ ಹುಡುಗನ ಉಪ್ಪ ಮನೆಗೆ ಬಂದರು. ಮರುದಿನ ಅವನು ಶಾಲೆಗೆ ಬರಲಿಲ್ಲ. ಅದರ ಮರುದಿನ ರಜಾ ಚೀಟಿಯಲ್ಲಿ ಕಾರಣದ ಜಾಗ ಖಾಲಿ ಬಿಟ್ಟಿದ್ದ. ತರಗತಿಯ ಅಧ್ಯಾಪಕರು ಕೇಳದೆ ಸಹಿ ಹಾಕಿದರು.

ಇದನ್ನು ಗೆಲುವು ಎಂದು ಹೇಳಲು ನನಗೆ ಮನಸ್ಸಿಲ್ಲ. ಯಾವುದೂ ಇತ್ಯರ್ಥವಾಗಿಲ್ಲ. ಅವರು ಪ್ರತಿ ವಾಯಿದೆಗೂ ಕೋರ್ಟಿಗೆ ಹೋಗುತ್ತಾರೆ, ಆ ದಿನದ ಕೂಲಿ ಹೋಗುತ್ತದೆ. ಇರಿತಕ್ಕೊಳಗಾದವರ ಅಕ್ಕನಿಗಾಗಿಯೂ ವಕೀಲೆ ಸರಕಾರಿ ಅಭಿಯೋಜಕರಿಗೆ ಒಂದು ಪತ್ರ ಬರೆದುಕೊಟ್ಟರು. ತಮ್ಮನ ಸಾಕ್ಷಿಗೆ ಕೊನೆಗೂ ದಿನ ನಿಗದಿಯಾಯಿತು, ಆ ದಿನ ನ್ಯಾಯಾಧೀಶರು ರಜೆಯಲ್ಲಿದ್ದರು. ಮೊನ್ನೆ ರೇಷನ್ ಅಂಗಡಿಯ ಎದುರು ಆ ತಾಯಿ ಸಿಕ್ಕಿದರು. ಮುಂದಿನ ವಾಯಿದೆ ಯಾವಾಗ ಎಂದು ಕೇಳಿದೆ. ದಸರಾ ರಜೆ ಕಳೆದ ಮೇಲಂತೆ ಎಂದರು.